ಅನುಭೋಗಿಯ ಆಯ್ಕೆ ಮತ್ತು ಪೈಪೋಟಿಯ ಮಾರುಕಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ನಾತಕೋತ್ತರ ತರಗತಿಗೆ ಬಂದು ಸೂಕ್ಷ್ಮ ಅರ್ಥಶಾಸ್ತ್ರವನ್ನು ಮೊದಲ ಸಲ ಗಣಿತದ ರೂಪದಲ್ಲಿ ಎದುರಿಸುವ ಶಿವಮೊಗ್ಗ ಸೀಮೆಯ ವಿದ್ಯಾರ್ಥಿಗಳು ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇವರಲ್ಲಿ ಬಹಳಷ್ಟು ಮಂದಿ ತೋಟ ಗದ್ದೆಗಳಿರುವ ಮನೆಗಳಿಂದ ಬಂದವರಾದ್ದರಿಂದ ಉದಾಹರಣೆಗಳನ್ನು ಅಡಿಕೆ, ಭತ್ತ, ಚೇಣಿ (ತೋಟದ ಫಸಲನ್ನು ಗೊತ್ತುಮಾಡಿದ ಮೊತ್ತಕ್ಕೆ ಬಿಟ್ಟುಕೊಡುವ ಒಪ್ಪಂದ), ಅಣೆಕಟ್ಟಿನ ಮುಳುಗಡೆಗಳಿಂದಲೇ ತೆಗೆದುಕೊಂಡಿದ್ದೇನೆ. ಅವುಗಳಲ್ಲಿ ಲೆಕ್ಕಕ್ಕಾಗಿ ಇಟ್ಟ ಬೆಲೆಗಳು ಕೇವಲ ಕಲ್ಪಿತ. ಪ್ರಮೇಯವನ್ನು ಬಾಯಿಪಾಠ ಮಾಡುವುದಕ್ಕಿಂತ, ಅದರಲ್ಲಿ ಯಾವ ಊಹೆ ಯಾವ ಕೆಲಸ ಮಾಡುತ್ತಿದೆ ಎಂದು ಗುರುತಿಸುವುದು ಮುಖ್ಯವೆಂದು ನಾನು ನಂಬಿದ್ದೇನೆ. ಉತ್ತರಗಳೆಲ್ಲ ಆ ದಾರಿಯಲ್ಲೇ ಸಾಗುತ್ತವೆ.

ಮನುಷ್ಯರು ನಿಜವಾಗಿ ಇಷ್ಟು ಲೆಕ್ಕಾಚಾರದಿಂದ ಬದುಕುತ್ತಾರೆಯೇ?

ಅನುಭೋಗಿಯ ಆಯ್ಕೆಯ ಸಿದ್ಧಾಂತ ಹಾಗೆಂದು ಹೇಳುವುದಿಲ್ಲ. ಅದು ಕೇಳುವುದು ಎರಡನ್ನು ಮಾತ್ರ. ಮೊದಲನೆಯದು ಸಂಪೂರ್ಣತೆ: ಯಾವ ಎರಡು ಆಯ್ಕೆಗಳನ್ನು ಮುಂದಿಟ್ಟರೂ ವ್ಯಕ್ತಿ ಅವುಗಳನ್ನು ಹೋಲಿಸಬಲ್ಲ. ಎರಡನೆಯದು ಸಂಕ್ರಾಮಕತೆ, ಅಂದರೆ ತರಗತಿಯಲ್ಲಿ ಟ್ರಾನ್ಸಿಟಿವಿಟಿ ಎಂದು ಕರೆಯುವ ಗುಣ: ಮೊದಲನೆಯದು ಎರಡನೆಯದಕ್ಕಿಂತ, ಎರಡನೆಯದು ಮೂರನೆಯದಕ್ಕಿಂತ ಕಡಿಮೆಯಲ್ಲವೆಂದಾದರೆ ಮೊದಲನೆಯದು ಮೂರನೆಯದಕ್ಕಿಂತಲೂ ಕಡಿಮೆಯಲ್ಲ. ಸ್ವಾರ್ಥದ ಮಾತು ಇಲ್ಲಿ ಎಲ್ಲಿಯೂ ಇಲ್ಲ. ಊರಿನ ಶಾಲೆಗೆ ದಾನ ಕೊಡುವುದನ್ನೇ ಎಲ್ಲಕ್ಕಿಂತ ಮೇಲೆಂದು ಎಣಿಸುವವರ ಇಷ್ಟಗಳೂ ಈ ಎರಡು ನಿಯಮಗಳಿಗೆ ಒಳಪಡಬಹುದು.

ಎರಡೂ ನಿಯಮಗಳ ಮೇಲೆ ಆಕ್ಷೇಪಗಳಿವೆ. ಸಂಕ್ರಾಮಕತೆಯ ಬಗ್ಗೆ 1956ರಲ್ಲಿ ಡಂಕನ್ ಲ್ಯೂಸ್ ಕೊಟ್ಟ ಉದಾಹರಣೆ ಕಾಫಿಯದೇ: ಸಕ್ಕರೆಯನ್ನು ಒಂದೊಂದೇ ಕಣ ಹೆಚ್ಚಿಸುತ್ತ ಹೋದ ಲೋಟಗಳನ್ನು ಸಾಲಾಗಿ ಇಟ್ಟರೆ ಅಕ್ಕಪಕ್ಕದ ಲೋಟಗಳ ನಡುವೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಮೊದಲ ಲೋಟಕ್ಕೂ ಕೊನೆಯ ಲೋಟಕ್ಕೂ ಇರುವ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಆದರೂ ನನ್ನ ದೃಷ್ಟಿಯಲ್ಲಿ ಹೆಚ್ಚು ಭಾರವಾದ ಊಹೆ ಸಂಪೂರ್ಣತೆಯೇ, ಏಕೆಂದರೆ ಹೋಲಿಸಲು ಒಪ್ಪದಿರುವುದನ್ನು ಅದು ಔದಾಸೀನ್ಯವೆಂದು ಓದಿಬಿಡುವ ಅಪಾಯವಿದೆ. ಮುಳುಗಡೆಯ ಪ್ರಶ್ನೆಯಲ್ಲಿ ಇದು ಮತ್ತೆ ಬರುತ್ತದೆ.

ತುಷ್ಟಿಗುಣದ ಸಂಖ್ಯೆಗೆ ಏನು ಅರ್ಥ?

ಸರಕುಗಳ ಒಂದು ಬುಟ್ಟಿ ಎಷ್ಟು ಇಷ್ಟವೆಂದು ಹೇಳಲು ಅದಕ್ಕೆ ಹಚ್ಚುವ ಸಂಖ್ಯೆ ತುಷ್ಟಿಗುಣ. ಇಷ್ಟದ ಕ್ರಮವನ್ನು ಸೂಚಿಸುವುದಷ್ಟೇ ಅದರ ಅರ್ಥ. ಒಂದು ಬುಟ್ಟಿಗೆ 10, ಇನ್ನೊಂದಕ್ಕೆ 5 ಎಂದಾಗ ಮೊದಲನೆಯದು ಮೇಲು ಎಂದು ತಿಳಿಯುತ್ತದೆಯೇ ಹೊರತು ಎರಡು ಪಟ್ಟು ಮೇಲು ಎಂದಲ್ಲ. ತುಷ್ಟಿಗುಣದ ಫಲನಕ್ಕೆ ಸದಾ ಏರುವ ಯಾವ ಪರಿವರ್ತನೆಯನ್ನು ಮಾಡಿದರೂ ಬೇಡಿಕೆ ಬದಲಾಗುವುದಿಲ್ಲ. ಹಾಗಾಗಿ ಬೆಲೆ ಮತ್ತು ಕೊಳ್ಳುವಿಕೆಯ ದಾಖಲೆಯಿಂದ ಈ ಫಲನಗಳಲ್ಲಿ ಇದೇ ಸರಿಯೆಂದು ಆರಿಸಲು ಸಾಧ್ಯವಿಲ್ಲ.

ಇಷ್ಟಗಳು ಸಂಪೂರ್ಣ ಮತ್ತು ಸಂಕ್ರಾಮಕವಾಗಿದ್ದ ಮಾತ್ರಕ್ಕೆ ತುಷ್ಟಿಗುಣದ ಫಲನ ಇದ್ದೇ ಇರುತ್ತದೆ ಎಂದೇನೂ ಇಲ್ಲ. ಜೆರಾರ್ ಡೆಬ್ರೂ 1954ರಲ್ಲಿ ತೋರಿಸಿದ ಪ್ರಮೇಯಕ್ಕೆ ಸಾತತ್ಯವೂ ಬೇಕು, ಅಂದರೆ ಬುಟ್ಟಿ ಅತಿ ಸ್ವಲ್ಪ ಬದಲಾದಾಗ ಇಷ್ಟ ಹಠಾತ್ತನೆ ತಿರುಗಬಾರದು. ನಿಘಂಟಿನ ಕ್ರಮದ ಇಷ್ಟ, ಅಂದರೆ ಮೊದಲು ಅಕ್ಕಿಯ ಪ್ರಮಾಣವನ್ನು ನೋಡಿ ಅದು ಸಮವಾದರೆ ಮಾತ್ರ ಬೆಲ್ಲವನ್ನು ನೋಡುವ ಇಷ್ಟ, ಪ್ರಸಿದ್ಧ ಪ್ರತಿ ಉದಾಹರಣೆ. ಅಲ್ಲಿ ಅಕ್ಕಿಯ ಪ್ರತಿಯೊಂದು ಪ್ರಮಾಣಕ್ಕೂ ಒಂದರ ಮೇಲೊಂದು ಬೀಳದ ಪ್ರತ್ಯೇಕ ಸಂಖ್ಯಾಂತರ ಬೇಕಾಗುತ್ತದೆ. ಪ್ರತಿ ಅಂತರದಲ್ಲಿ ಒಂದಾದರೂ ಭಾಗಲಬ್ಧ ಸಂಖ್ಯೆ ಇರಲೇಬೇಕು, ಆದರೆ ಭಾಗಲಬ್ಧ ಸಂಖ್ಯೆಗಳು ಎಣಿಕೆಗೆ ಸಿಗುವಷ್ಟೇ ಇವೆ, ಅಕ್ಕಿಯ ಪ್ರಮಾಣಗಳು ಎಣಿಕೆಗೆ ಸಿಗದಷ್ಟಿವೆ. ಈ ಸಾಧನೆಯನ್ನು ಒಮ್ಮೆ ಕೈಯಾರೆ ಬರೆದು ನೋಡಿ. ಸಾತತ್ಯದ ಊಹೆ ಏಕೆ ಬೇಕೆಂಬುದು ಆಮೇಲೆ ಮರೆಯುವುದಿಲ್ಲ.

ಮನಸ್ಸಿನೊಳಗೆ ಇಣುಕದೆ, ಬರೀ ಖರ್ಚಿನ ಲೆಕ್ಕದಿಂದ ಈ ಸಿದ್ಧಾಂತವನ್ನು ಪರೀಕ್ಷಿಸಬಹುದೇ?

ಪರೀಕ್ಷಿಸಬಹುದು. ಪಾಲ್ ಸ್ಯಾಮ್ಯುಯೆಲ್ಸನ್ 1938ರಲ್ಲಿ ಮುಂದಿಟ್ಟ ಪ್ರಕಟಿತ ಇಷ್ಟದ ವಿಚಾರ ಇದಕ್ಕಾಗಿಯೇ ಹುಟ್ಟಿತು. ಒಂದು ಮನೆಯ ಲೆಕ್ಕವನ್ನು ನೋಡೋಣ. ಮೊದಲ ತಿಂಗಳು ಅಕ್ಕಿ ಕಿಲೋಗೆ 50, ಬೆಲ್ಲ ಕಿಲೋಗೆ 50 ರೂಪಾಯಿ. ಮನೆಯವರು 10 ಕಿಲೋ ಅಕ್ಕಿ, 4 ಕಿಲೋ ಬೆಲ್ಲ ತಂದು 700 ರೂಪಾಯಿ ಖರ್ಚು ಮಾಡಿದರು. ಎರಡನೆಯ ತಿಂಗಳು ಅಕ್ಕಿ 30ಕ್ಕೆ ಇಳಿದು ಬೆಲ್ಲ 80ಕ್ಕೆ ಏರಿತು. ಅವರು 8 ಕಿಲೋ ಅಕ್ಕಿ, 5 ಕಿಲೋ ಬೆಲ್ಲ ತಂದು 640 ರೂಪಾಯಿ ಕೊಟ್ಟರು.

ಮೊದಲ ತಿಂಗಳ ಬೆಲೆಯಲ್ಲಿ ಎರಡನೆಯ ಬುಟ್ಟಿಗೆ 650 ರೂಪಾಯಿ ಸಾಕಿತ್ತು. ಕೈಗೆ ಎಟಕುತ್ತಿದ್ದರೂ ಅದನ್ನು ಬಿಟ್ಟು ಮೊದಲನೆಯದನ್ನು ತಂದರು, ಆದ್ದರಿಂದ ಮೊದಲನೆಯದೇ ಮೇಲೆಂದು ಪ್ರಕಟವಾಯಿತು. ಎರಡನೆಯ ತಿಂಗಳ ಬೆಲೆಯಲ್ಲಿ ಮೊದಲ ಬುಟ್ಟಿಗೆ 620 ರೂಪಾಯಿ ಸಾಕಿತ್ತು, ಆದರೂ 640 ಕೊಟ್ಟು ಎರಡನೆಯದನ್ನು ತಂದರು, ಆದ್ದರಿಂದ ಎರಡನೆಯದೇ ಮೇಲೆಂದು ಪ್ರಕಟವಾಯಿತು. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಎರಡು ಬುಟ್ಟಿಗಳು ಹೀಗೆ ಪರಸ್ಪರ ಮೇಲೆಂದು ಪ್ರಕಟವಾಗಕೂಡದು ಎಂಬ ದುರ್ಬಲ ಸೂತ್ರ ಇಲ್ಲಿ ಮುರಿದುಬಿದ್ದಿದೆ.

ಇಷ್ಟರಿಂದ ಆ ಮನೆಯವರು ಅವಿವೇಕಿಗಳೆಂದು ತೀರ್ಮಾನಿಸಬಾರದು. ಎರಡನೆಯ ತಿಂಗಳು ದೀಪಾವಳಿ ಬಂದಿರಬಹುದು, ನೆಂಟರು ಬಂದಿರಬಹುದು. ಪರೀಕ್ಷೆಯಲ್ಲಿ ಸೋತದ್ದು "ಇಷ್ಟಗಳು ಎರಡೂ ತಿಂಗಳು ಒಂದೇ ಆಗಿದ್ದವು ಮತ್ತು ಆಯ್ಕೆ ಅವುಗಳ ಪ್ರಕಾರವೇ ನಡೆಯಿತು" ಎಂಬ ಜಂಟಿ ಹೇಳಿಕೆ. ಎರಡಕ್ಕಿಂತ ಹೆಚ್ಚು ಸರಕುಗಳಿರುವಾಗ ದುರ್ಬಲ ಸೂತ್ರವೊಂದೇ ಸಾಲದು, ಮೊದಲನೆಯದು ಎರಡನೆಯದಕ್ಕಿಂತ, ಎರಡನೆಯದು ಮೂರನೆಯದಕ್ಕಿಂತ, ಮೂರನೆಯದು ಮತ್ತೆ ಮೊದಲನೆಯದಕ್ಕಿಂತ ಮೇಲು ಎಂದು ಸುತ್ತಿಬರುವ ವಿರೋಧಗಳನ್ನೂ ತಡೆಯಬೇಕಾಗುತ್ತದೆ; 1950ರಲ್ಲಿ ಹೌಥಾಕರ್ ಅದಕ್ಕೆ ಪ್ರಬಲ ಸೂತ್ರವನ್ನು ಕೊಟ್ಟರು. ಕೈಯಲ್ಲಿರುವುದು ಪರಿಮಿತ ದಾಖಲೆಯಾದರೆ ಉಪಯೋಗಕ್ಕೆ ಬರುವುದು, ಆ ದಾಖಲೆಗೆ ಹೊಂದುವ ತುಷ್ಟಿಗುಣದ ಫಲನ ಯಾವಾಗ ಇರುತ್ತದೆ ಎಂದು ಹೇಳುವ 1967ರ ಆಫ್ರಿಯಾ ಪ್ರಮೇಯ.

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬುದನ್ನು ಸಿದ್ಧಾಂತ ಸಾಧಿಸುತ್ತದೆಯೇ?

ಇಲ್ಲ. ಪದವಿ ತರಗತಿಯಲ್ಲಿ ನಿಯಮವೆಂದು ಕಲಿತದ್ದು ಇಲ್ಲಿ ನಿಯಮವಾಗಿ ಉಳಿಯುವುದಿಲ್ಲ. ಸ್ಲಟ್ಸ್ಕಿ 1915ರಲ್ಲಿ ಕೊಟ್ಟ ಸಮೀಕರಣವು ಬೆಲೆಯ ಪರಿಣಾಮವನ್ನು ಬದಲಿ ಪರಿಣಾಮ (ದುಬಾರಿಯಾದದ್ದನ್ನು ಬಿಟ್ಟು ಬೇರೆಯದಕ್ಕೆ ಹೊರಳುವುದು) ಮತ್ತು ಆದಾಯ ಪರಿಣಾಮ (ಬೆಲೆ ಏರಿ ಕೈಯಲ್ಲಿರುವ ಹಣದ ಕೊಳ್ಳುವ ಶಕ್ತಿ ಕುಗ್ಗುವುದರ ಫಲ) ಎಂದು ಎರಡಾಗಿ ಒಡೆಯುತ್ತದೆ. ಸಿದ್ಧಾಂತದ ಹಿಡಿತ ಇರುವುದು ಬದಲಿ ಪರಿಣಾಮದ ಮೇಲೆ: ತುಷ್ಟಿಗುಣದ ಮಟ್ಟವನ್ನು ಸ್ಥಿರವಾಗಿಟ್ಟರೆ ಸ್ವಂತ ಬೆಲೆ ಏರಿದಾಗ ಬೇಡಿಕೆ ಏರಲಾರದು. ಆದಾಯ ಪರಿಣಾಮದ ಚಿಹ್ನೆಯ ಬಗ್ಗೆ ಸಿದ್ಧಾಂತ ಏನನ್ನೂ ಹೇಳುವುದಿಲ್ಲ. ಸರಕು ಕೀಳು ಸರಕಾಗಿದ್ದು, ಅಂದರೆ ಆದಾಯ ಏರಿದಂತೆ ಜನ ಕಡಿಮೆ ಕೊಳ್ಳುವಂಥದ್ದಾಗಿದ್ದು, ಬಜೆಟ್‌ನ ದೊಡ್ಡ ಪಾಲು ಅದಕ್ಕೇ ಹೋಗುತ್ತಿದ್ದರೆ ಆದಾಯ ಪರಿಣಾಮವೇ ಮೇಲುಗೈ ಸಾಧಿಸಿ ಬೆಲೆಯೊಂದಿಗೆ ಬೇಡಿಕೆಯೂ ಏರಬಹುದು. ಗಿಫೆನ್ ಸರಕು ಎಂದು ಕರೆಯುವ ಈ ಸಂಗತಿ ಬಹುಕಾಲ ಕಾಗದದ ಮೇಲಿನ ಸಾಧ್ಯತೆಯಾಗಿಯೇ ಉಳಿದಿತ್ತು. ಜೆನ್ಸೆನ್ ಮತ್ತು ಮಿಲ್ಲರ್ 2008ರಲ್ಲಿ ಪ್ರಕಟಿಸಿದ ಕ್ಷೇತ್ರ ಪ್ರಯೋಗವು ಚೀನಾದ ಹುನಾನ್ ಪ್ರಾಂತ್ಯದ ಬಡ ಕುಟುಂಬಗಳಲ್ಲಿ ಅಕ್ಕಿಯ ವಿಷಯದಲ್ಲಿ ಅದನ್ನು ತೋರಿಸಿತು.

ಹಾಗಾದರೆ ಭತ್ತದ ಬೆಲೆ ಏರಿದಾಗ ಭತ್ತ ಬೆಳೆಯುವ ಮನೆಯಲ್ಲಿ ಅನ್ನ ಹೆಚ್ಚಾದರೆ ಅದೂ ಗಿಫೆನ್ ಸರಕೇ?

ಅಲ್ಲ, ಮತ್ತು ಪರೀಕ್ಷೆಯಲ್ಲಿ ಇದನ್ನು ಬೆರೆಸುವವರು ಬಹಳ. ಸೊರಬದಲ್ಲೋ ಶಿಕಾರಿಪುರದಲ್ಲೋ ಗದ್ದೆಯಿರುವ ಮನೆಯ ಆದಾಯವೇ ಭತ್ತದ ಬೆಲೆಯನ್ನು ಅವಲಂಬಿಸಿದೆ. ಆಗ ಸ್ಲಟ್ಸ್ಕಿ ಸಮೀಕರಣದ ಆದಾಯ ಪರಿಣಾಮವನ್ನು ಗುಣಿಸುವುದು ಕೊಂಡ ಪ್ರಮಾಣವಲ್ಲ, ಬೆಳೆದದ್ದರಲ್ಲಿ ಉಂಡದ್ದನ್ನು ಕಳೆದು ಉಳಿಯುವ ಪ್ರಮಾಣ. ಮಾರಲು ಮಿಗುವಷ್ಟು ಬೆಳೆಯುವವರಿಗೆ ಬೆಲೆ ಏರಿಕೆಯೆಂದರೆ ಆದಾಯದ ಏರಿಕೆ. ಆದ್ದರಿಂದ ಅಕ್ಕಿ ಸಾಮಾನ್ಯ ಸರಕಾಗಿದ್ದರೂ (ಆದಾಯ ಏರಿದಂತೆ ಹೆಚ್ಚು ಬಳಸುವಂಥದ್ದಾಗಿದ್ದರೂ) ಅವರ ಮನೆಯ ಅನುಭೋಗ ಹೆಚ್ಚಬಹುದು. ಅದೇ ಊರಿನಲ್ಲಿ ಅಕ್ಕಿ ಕೊಂಡು ತಿನ್ನುವ ಕೂಲಿಯ ಮನೆಗೆ, ಕೂಲಿಯ ದರ ಏರದಿದ್ದರೆ, ಅದೇ ಬೆಲೆ ನೇರ ಹೊಡೆತ. ಬೆಲೆ ನೀತಿಯ ಚರ್ಚೆಯಲ್ಲಿ "ರೈತರಿಗೆ ಒಳ್ಳೆಯದು" ಎಂಬ ಒಂದೇ ಮಾತು ಏಕೆ ಸಾಲದು ಎಂಬುದಕ್ಕೆ ಕಾರಣ, ಬೆಳೆದದ್ದರಲ್ಲಿ ಉಂಡದ್ದನ್ನು ಕಳೆದ ಈ ಪ್ರಮಾಣ ಧನವೋ ಋಣವೋ ಎಂಬುದರಲ್ಲಿದೆ.

ಖರ್ಚನ್ನು ಕನಿಷ್ಠಗೊಳಿಸುವ ಸಮಸ್ಯೆಯನ್ನು ಬೇರೆಯಾಗಿ ಏಕೆ ಕಲಿಯಬೇಕು?

ತುಷ್ಟಿಗುಣದ ಮಟ್ಟವನ್ನು ಸ್ಥಿರವಾಗಿಟ್ಟಾಗಿನ ಬೇಡಿಕೆಯನ್ನು ಪರಿಹಾರಿತ ಬೇಡಿಕೆ ಎನ್ನುತ್ತಾರೆ. ಕಣ್ಣಿಗೆ ಕಾಣದ ಅದನ್ನು ಕಾಣುವ ಬೇಡಿಕೆಯಿಂದ ಲೆಕ್ಕ ಹಾಕುವ ದಾರಿ ಇದು. ಒಂದು ತುಷ್ಟಿಗುಣದ ಮಟ್ಟವನ್ನು ಮುಟ್ಟಲು ಬೇಕಾದ ಕನಿಷ್ಠ ಮೊತ್ತವನ್ನು ಹೇಳುವ ಖರ್ಚಿನ ಫಲನವನ್ನು ಬೆಲೆಯ ಮೇಲೆ ಅವಕಲಿಸಿದರೆ ಪರಿಹಾರಿತ ಬೇಡಿಕೆ ದೊರೆಯುತ್ತದೆ ಎಂಬುದು ಶೆಫರ್ಡ್ ಪ್ರಮೇಯ. ಆ ಫಲನ ಬೆಲೆಗಳಲ್ಲಿ ನಿಮ್ನವಾಗಿರುವುದರಿಂದ ಬದಲಿ ಪರಿಣಾಮದ ಚಿಹ್ನೆ ತಾನಾಗಿಯೇ ಸಾಧಿತವಾಗುತ್ತದೆ. ಮುಂದಿನ ಪ್ರಶ್ನೆಗೂ ಇದೇ ಬುನಾದಿ.

ನಷ್ಟವನ್ನು ಹಣದಲ್ಲಿ ಅಳೆಯುವುದು ಹೇಗೆ? ಮುಳುಗಡೆಯ ಪರಿಹಾರಕ್ಕೆ ಈ ಅಳತೆ ಹೊಂದುತ್ತದೆಯೇ?

ಈ ಜಿಲ್ಲೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಈ ವಿಷಯದಲ್ಲಿ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅಲ್ಲಿಂದ ಎದ್ದು ಬಂದ ಮನೆಗಳ ಮಕ್ಕಳು ಮೊಮ್ಮಕ್ಕಳು ಇಂದಿನ ತರಗತಿಗಳಲ್ಲೂ ಇದ್ದಾರೆ.

ಸಿದ್ಧಾಂತದಲ್ಲಿ ಎರಡು ಅಳತೆಗಳಿವೆ. ಮುಳುಗಡೆ ಆದ ಮೇಲೆ ಹಳೆಯ ತುಷ್ಟಿಗುಣದ ಮಟ್ಟಕ್ಕೆ ಮರಳಲು ಎಷ್ಟು ಹಣ ಬೇಕು ಎಂದು ಕೇಳಬಹುದು. ಇಲ್ಲವೇ ಮುಳುಗಡೆಯನ್ನು ತಪ್ಪಿಸಿಕೊಳ್ಳಲು ಮನೆಯವರು ಎಷ್ಟು ಹಣ ಬಿಟ್ಟುಕೊಡಲು ಸಿದ್ಧರಿದ್ದರು ಎಂದು ಕೇಳಬಹುದು. ಮೊದಲನೆಯದು ಪರಿಹಾರಾತ್ಮಕ ವ್ಯತ್ಯಾಸ, ಎರಡನೆಯದು ಸಮಾನಾತ್ಮಕ ವ್ಯತ್ಯಾಸ. ಆದಾಯ ಪರಿಣಾಮವೇ ಇಲ್ಲದಿದ್ದಾಗ ಎರಡೂ ಒಂದೇ ಆಗುತ್ತವೆ, ಬೇಡಿಕೆ ರೇಖೆಯ ಎಡಭಾಗದ ವಿಸ್ತೀರ್ಣವೂ ಅಷ್ಟೇ ಆಗುತ್ತದೆ. ಸಾಧಾರಣ ಸರಕೊಂದರ ಬೆಲೆ ಸ್ವಲ್ಪ ಬದಲಾದಾಗ ಅವುಗಳ ಅಂತರ ಚಿಕ್ಕದೆಂದು ವಿಲಿಗ್ 1976ರಲ್ಲಿ ತೋರಿಸಿದರು, ಮತ್ತು ಅನೇಕರು ಆ ಮಾತನ್ನು ಎಲ್ಲ ಸಂದರ್ಭಕ್ಕೂ ಹಚ್ಚಿಬಿಟ್ಟರು.

ಆದರೆ ಮನೆ, ತೋಟ, ಸೊಪ್ಪಿನ ಬೆಟ್ಟ, ನೆರೆಹೊರೆ ಒಟ್ಟಿಗೆ ಹೋಗುವಾಗ ಬದಲಾಗುವುದು ಬೆಲೆಯಲ್ಲ, ದೊರೆಯುವ ಪ್ರಮಾಣವೇ. ಅಂಥ ಸಂದರ್ಭದಲ್ಲಿ ಎರಡು ಅಳತೆಗಳ ಅಂತರವು ಆದಾಯ ಪರಿಣಾಮದ ಜೊತೆಗೆ ಬದಲಿ ವಸ್ತುಗಳು ಎಷ್ಟು ಸಿಗುತ್ತವೆ ಎಂಬುದನ್ನೂ ಅವಲಂಬಿಸುತ್ತದೆ ಎಂದು 1991ರಲ್ಲಿ ಹ್ಯಾನೆಮನ್ ತೋರಿಸಿದರು. ತಪ್ಪಿಸಿಕೊಳ್ಳಲು ಕೊಡಬಲ್ಲ ಮೊತ್ತ ಮನೆಯ ಆಸ್ತಿ ಆದಾಯಗಳ ಮಿತಿಯನ್ನು ದಾಟಲಾರದು. ಒಪ್ಪಿಕೊಳ್ಳಲು ಬೇಕಾದ ಮೊತ್ತಕ್ಕೆ ಅಂಥ ಮಿತಿಯಿಲ್ಲ. ಬದಲಿಯೇ ಇಲ್ಲದ ವಸ್ತುವಾದರೆ ಯಾವ ಮೊತ್ತವೂ ಸಾಲದಿರಬಹುದು, ಮತ್ತು ಆಗ ಸಂಪೂರ್ಣತೆಯ ಊಹೆಯನ್ನೇ ಮತ್ತೆ ಪರಿಶೀಲಿಸಬೇಕಾಗುತ್ತದೆ.

ಎರಡರಲ್ಲಿ ಯಾವುದನ್ನು ಬಳಸಬೇಕೆಂಬುದನ್ನು ಗಣಿತ ನಿರ್ಧರಿಸುವುದಿಲ್ಲ. ನೆಲದ ಮೇಲಿನ ಹಕ್ಕು ಅಲ್ಲಿ ಬದುಕುವವರದೆಂದು ಒಪ್ಪಿದರೆ ಮೊದಲನೆಯದೇ ಸರಿಯಾದ ಅಳತೆ. ಮಾರುಕಟ್ಟೆ ದರದಲ್ಲಿ ಎಕರೆ ಲೆಕ್ಕ ಹಾಕುವುದು ಈ ಎರಡೂ ಅಲ್ಲ. ಮಾರುಕಟ್ಟೆ ದರ ಹೇಳುವುದು ಮಾರಲು ಇಷ್ಟವಿದ್ದವರು ಕೊನೆಯ ಎಕರೆಗೆ ಒಪ್ಪಿದ ಬೆಲೆಯನ್ನು. ಮಾರಲು ಒಪ್ಪದೆ ಉಳಿದವರ ಮನಸ್ಸಿನ ಬೆಲೆ ಅದಕ್ಕಿಂತ ಮೇಲಿರುತ್ತದೆ ಎಂಬುದು ಅವರು ಮಾರದೆ ಉಳಿದದ್ದರಿಂದಲೇ ಪ್ರಕಟ.

ತುಷ್ಟಿಗುಣ ಬರೀ ಕ್ರಮ ಎಂದಿರಿ. ಅನಿಶ್ಚಿತತೆಯ ಪಾಠದಲ್ಲಿ ಅದಕ್ಕೇ ವರ್ಗಮೂಲ, ಸರಾಸರಿ ತೆಗೆಯುವುದು ಹೇಗೆ?

ಸರಿಯಾದ ಆಕ್ಷೇಪ. ಫಾನ್ ನಾಯ್ಮನ್ ಮತ್ತು ಮೋರ್ಗನ್‌ಸ್ಟರ್ನ್ ಕೊಟ್ಟ ನಿರೀಕ್ಷಿತ ತುಷ್ಟಿಗುಣದ ಸಿದ್ಧಾಂತದಲ್ಲಿ ಒಂದು ಹೊಸ ಊಹೆ ಸೇರುತ್ತದೆ: ಎರಡು ಲಾಟರಿಗಳಿಗೆ ಒಂದೇ ಮೂರನೆಯ ಲಾಟರಿಯನ್ನು ಒಂದೇ ಪ್ರಮಾಣದಲ್ಲಿ ಬೆರೆಸಿದರೆ ಅವುಗಳ ನಡುವಿನ ಇಷ್ಟ ಬದಲಾಗಬಾರದು. ಸ್ವಾತಂತ್ರ್ಯ ಎಂದು ಕರೆಯುವ ಈ ಊಹೆಯಿಂದಾಗಿ ಹಣದ ಮೇಲಿನ ಫಲನವನ್ನು ಧನ ಸ್ಥಿರಾಂಕದಿಂದ ಗುಣಿಸಬಹುದು, ಸ್ಥಿರಾಂಕ ಕೂಡಿಸಬಹುದು, ಆದರೆ ಬೇರೆ ರೀತಿ ಬಗ್ಗಿಸುವಂತಿಲ್ಲ. ಅದರ ಬಾಗುವಿಕೆಗೇ ಈಗ ಅರ್ಥವಿದೆ.

ತೋಟವನ್ನು ಚೇಣಿಗೆ ಕೊಡುವ ಮನೆಯನ್ನು ನೋಡಿ. ಮಳೆ ಹದವಾದರೆ ಫಸಲಿನಿಂದ 9 ಲಕ್ಷ, ಅಡಿಕೆಗೆ ಕೊಳೆ ರೋಗ ಬಂದರೆ 4 ಲಕ್ಷ, ಎರಡಕ್ಕೂ ಸಮ ಸಂಭವ ಎಂದಿರಲಿ. ಸರಾಸರಿ ಆರೂವರೆ ಲಕ್ಷ. ಮನೆಯವರ ಫಲನ ವರ್ಗಮೂಲವಾದರೆ ಲಕ್ಷದ ಲೆಕ್ಕದಲ್ಲಿ 3 ಮತ್ತು 2ರ ಸರಾಸರಿ 2.5, ಅದರ ವರ್ಗ 6.25. ಅಂದರೆ ಚೇಣಿದಾರರು 6 ಲಕ್ಷ 25 ಸಾವಿರವನ್ನು ಖಚಿತವಾಗಿ ಕೊಟ್ಟರೆ ಮನೆಯವರಿಗೆ ಅದು ಫಸಲನ್ನು ತಾವೇ ಉಳಿಸಿಕೊಂಡದ್ದಕ್ಕೆ ಸಮ. ಉಳಿದ 25 ಸಾವಿರ ಅಪಾಯವನ್ನು ವರ್ಗಾಯಿಸುವ ಬೆಲೆ.

ಚೇಣಿದಾರರು ಅನೇಕ ತೋಟಗಳನ್ನು ಹಿಡಿಯುವುದರಿಂದ ಅವರಿಗೆ ಅಪಾಯ ಕರಗಿಹೋಗುತ್ತದೆ ಎಂದು ಬರೆಯುವ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಮರೆಯುತ್ತಾರೆ: ತೀರ್ಥಹಳ್ಳಿ, ಹೊಸನಗರಗಳಲ್ಲಿ ಜಡಿಮಳೆ ಹಿಡಿದರೆ ಅದು ಎಲ್ಲ ತೋಟಗಳ ಮೇಲೂ ಹಿಡಿಯುತ್ತದೆ. ಒಂದು ತೋಟಕ್ಕಷ್ಟೇ ತಗಲುವ ಅಪಾಯವನ್ನು ಹಂಚಿ ಇಲ್ಲವಾಗಿಸಬಹುದು, ಸೀಮೆಗೇ ತಗಲುವ ಅಪಾಯವನ್ನು ಯಾರಾದರೂ ಹೊರಲೇಬೇಕು, ಮತ್ತು ಹೊರುವವರು ಅದಕ್ಕೆ ಬೆಲೆ ಕೇಳುತ್ತಾರೆ. ಸ್ವಾತಂತ್ರ್ಯದ ಊಹೆಯ ವಿರುದ್ಧ ಮೊರಿಸ್ ಅಲೆ ಎಂಬ ಅರ್ಥಶಾಸ್ತ್ರಜ್ಞರು 1953ರಲ್ಲಿ, ಸಂಭವವೇ ತಿಳಿಯದ ಸಂದರ್ಭದ ಬಗ್ಗೆ ಎಲ್ಸ್‌ಬರ್ಗ್ 1961ರಲ್ಲಿ ಎತ್ತಿದ ಆಕ್ಷೇಪಗಳು ಇಂದಿಗೂ ಜೀವಂತವಾಗಿವೆ.

ಎಲ್ಲರ ಬೇಡಿಕೆಯನ್ನು ಕೂಡಿಸಿದರೆ ಮಾರುಕಟ್ಟೆಯ ಬೇಡಿಕೆಯೂ ಒಬ್ಬ ವಿವೇಕಿ ಅನುಭೋಗಿಯ ಬೇಡಿಕೆಯಂತೆ ಇರುತ್ತದೆಯೇ?

ಸಾಮಾನ್ಯವಾಗಿ ಇಲ್ಲ. 1972ರಿಂದ 1974ರ ನಡುವೆ ಸೊನೆನ್‌ಶೈನ್, ಮ್ಯಾಂಟೆಲ್ ಮತ್ತು ಡೆಬ್ರೂ ಸಾಧಿಸಿದ ಫಲಿತಾಂಶ ಇಡೀ ಪಠ್ಯದಲ್ಲಿ ನನ್ನನ್ನು ಅತ್ಯಂತ ಗಾಢವಾಗಿ ತಟ್ಟಿದ್ದು. ಸಾತತ್ಯ, ಎಲ್ಲ ಬೆಲೆಗಳೂ ಒಂದೇ ಪ್ರಮಾಣದಲ್ಲಿ ಏರಿದರೆ ಏನೂ ಬದಲಾಗದಿರುವುದು, ಮತ್ತು ವಾಲ್ರಾ ನಿಯಮ (ಎಲ್ಲ ಸರಕುಗಳ ಹೆಚ್ಚುವರಿ ಬೇಡಿಕೆಯ, ಅಂದರೆ ಪೂರೈಕೆ ಕಳೆದ ಬೇಡಿಕೆಯ, ಒಟ್ಟು ಮೌಲ್ಯ ಸೊನ್ನೆ), ಈ ಮೂರನ್ನು ಪಾಲಿಸುವ ಯಾವುದೇ ಫಲನವನ್ನು ಕೊಟ್ಟರೂ, ಬೆಲೆಗಳು ಸೊನ್ನೆಯ ಸಮೀಪಕ್ಕೆ ಹೋಗದಿರುವ ವ್ಯಾಪ್ತಿಯಲ್ಲಿ, ಅದನ್ನೇ ಒಟ್ಟು ಹೆಚ್ಚುವರಿ ಬೇಡಿಕೆಯಾಗಿ ಕೊಡುವ ವಿವೇಕಿ ಅನುಭೋಗಿಗಳ ಆರ್ಥಿಕತೆಯೊಂದನ್ನು ಕಟ್ಟಬಹುದು; ಸರಕುಗಳಷ್ಟೇ ಸಂಖ್ಯೆಯ ಅನುಭೋಗಿಗಳಿದ್ದರೆ ಸಾಕು. ಒಬ್ಬೊಬ್ಬರ ಮೇಲೆ ಅಷ್ಟು ಬಿಗಿಯಾಗಿ ಹಾಕಿದ ಕಟ್ಟುಗಳು ಕೂಡಿಸುವಾಗ ಸಡಿಲಿಬಿಡುತ್ತವೆ, ಏಕೆಂದರೆ ಬೆಲೆ ಬದಲಾದಾಗ ಆದಾಯವು ಜನರ ನಡುವೆ ಬೇರೆ ಬೇರೆಯಾಗಿ ಹಂಚಿಹೋಗುತ್ತದೆ.

ಎಲ್ಲರೂ ಸೇರಿ ಒಬ್ಬರಂತೆ ವರ್ತಿಸಲು, ಆದಾಯದ ಹಂಚಿಕೆ ಹೇಗಿದ್ದರೂ ಸರಿ ಎನ್ನಬೇಕಾದರೆ, ಗೋರ್ಮನ್ 1953ರಲ್ಲಿ ಹೇಳಿದ ಷರತ್ತು ಬೇಕು: ಎಲ್ಲರ ಆದಾಯ-ಖರ್ಚಿನ ರೇಖೆಗಳೂ ಸರಳರೇಖೆಗಳಾಗಿದ್ದು ಸಮಾಂತರವಾಗಿರಬೇಕು. ಎಸ್ಟೇಟಿನ ಮಾಲೀಕರೂ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಕಾರರೂ ಹೆಚ್ಚುವರಿ 100 ರೂಪಾಯಿಯನ್ನು ಒಂದೇ ರೀತಿ ಖರ್ಚು ಮಾಡಬೇಕು ಎಂಬುದು ಇದರ ಅರ್ಥ. ಪ್ರಾತಿನಿಧಿಕ ಅನುಭೋಗಿಯನ್ನು ಇಟ್ಟುಕೊಂಡ ಮಾದರಿಯನ್ನು ಓದುವಾಗ ಈ ಷರತ್ತನ್ನು ನೆನಪಿಡಿ.

ಶಿವಮೊಗ್ಗದ ಅಡಿಕೆ ಮಾರುಕಟ್ಟೆ ಪರಿಪೂರ್ಣ ಪೈಪೋಟಿಗೆ ಉದಾಹರಣೆಯೇ?

ಬೆಳೆಗಾರರ ಕಡೆಯಿಂದ ನೋಡಿದರೆ ಹೆಚ್ಚುಕಡಿಮೆ ಹೌದು. ಸಾವಿರಾರು ಮಂದಿ ಮಾರುತ್ತಾರೆ, ಒಬ್ಬರು ತಮ್ಮ ಚೀಲಗಳನ್ನು ತಡೆಹಿಡಿದರೆ ಧಾರಣೆ ಕದಲುವುದಿಲ್ಲ. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, 'ಸರಕು', ಗೊರಬಲುಗಳನ್ನು ಬೇರೆ ಬೇರೆ ಸರಕುಗಳೆಂದೇ ಎಣಿಸಬೇಕು. ಒಣಗಿಸಿದ ಅಡಿಕೆಯನ್ನು ಇಟ್ಟು ಮಾರಬಹುದಾದ್ದರಿಂದ ಇಂದಿನ ರಾಶಿಯೂ ಮೂರು ತಿಂಗಳ ನಂತರದ ರಾಶಿಯೂ ಬೇರೆ ಬೇರೆ. ಎಲ್ಲ ಮಾರುಕಟ್ಟೆಗಳನ್ನೂ ಒಟ್ಟಿಗೆ ನೋಡುವ ಆ್ಯರೋ-ಡೆಬ್ರೂ ಮಾದರಿಯಲ್ಲಿ ದಿನಾಂಕ ಮತ್ತು ಸ್ಥಳ ಸರಕಿನ ವ್ಯಾಖ್ಯೆಯೊಳಗೇ ಇವೆ.

ಕೊಳ್ಳುವವರ ಕಡೆ ಅದೇ ಮಾತನ್ನು ಅಷ್ಟು ಸುಲಭವಾಗಿ ಹೇಳಲಾಗದು. ಟೆಂಡರ್ ಹಾಕುವ ವ್ಯಾಪಾರಿಗಳು ಬೆಳೆಗಾರರಷ್ಟು ಸಂಖ್ಯೆಯಲ್ಲಿಲ್ಲ. ತಮ್ಮ ಖರೀದಿಯಿಂದ ಧಾರಣೆ ಬದಲಾಗುತ್ತದೆ ಎಂದು ಒಬ್ಬ ಖರೀದಿದಾರರಿಗೆ ತಿಳಿದಿದ್ದರೆ ಬೆಲೆಯನ್ನು ಹಾಗೆಯೇ ಒಪ್ಪಿಕೊಳ್ಳುವ ಊಹೆ ಅಲ್ಲಿ ನಿಲ್ಲುವುದಿಲ್ಲ. ಮ್ಯಾಮ್ಕೋಸ್‌ನಂಥ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ ಇರುವುದರ ಮಹತ್ವವನ್ನು ಈ ದಿಕ್ಕಿನಿಂದ ವಿಚಾರಿಸಬೇಕು.

ಬೆಲೆಯನ್ನು ಒಪ್ಪಿಕೊಳ್ಳುವ ವರ್ತನೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸಿದ್ಧಾಂತ ಕೊಡುವ ಉತ್ತರ ಸುಂದರವಾಗಿದೆ. ಯಾವ ಗುಂಪೂ ತನ್ನಷ್ಟಕ್ಕೆ ಬೇರೆಯಾಗಿ ವಿನಿಮಯ ಮಾಡಿಕೊಂಡು ಉತ್ತಮಗೊಳ್ಳಲಾಗದ ಹಂಚಿಕೆಗಳ ಗಣವನ್ನು ಕೋರ್ ಎನ್ನುತ್ತಾರೆ. ಜನರ ಸಂಖ್ಯೆ ಬೆಳೆದಂತೆ ಅದು ಕುಗ್ಗುತ್ತ, ಎಲ್ಲ ಸರಕುಗಳ ಬೇಡಿಕೆ ಪೂರೈಕೆಗಳು ಸಮವಾಗುವ ಬೆಲೆಗಳಲ್ಲಿ ದೊರೆಯುವ ಸಮತೋಲನದ ಹಂಚಿಕೆಗಳಷ್ಟೇ ಉಳಿಯುತ್ತವೆ ಎಂದು 1881ರಲ್ಲಿ ಎಜ್‌ವರ್ತ್ ಊಹಿಸಿದ್ದನ್ನು ಡೆಬ್ರೂ ಮತ್ತು ಸ್ಕಾರ್ಫ್ 1963ರಲ್ಲಿ ಸಾಧಿಸಿದರು. ಮರುವರ್ಷ ಔಮನ್ ಅದನ್ನು ಅಖಂಡ ಸಂಖ್ಯೆಯ ವ್ಯಾಪಾರಿಗಳಿಗೆ ವಿಸ್ತರಿಸಿದರು.

ಸಮತೋಲನ ಇದೆ ಎಂದಾದರೆ ಮಾರುಕಟ್ಟೆ ಅಲ್ಲಿಗೆ ತಲುಪುತ್ತದೆಯೇ?

ಇರುವುದು ಬೇರೆ, ತಲುಪುವುದು ಬೇರೆ. ಆ್ಯರೋ ಮತ್ತು ಡೆಬ್ರೂ, ಪ್ರತ್ಯೇಕವಾಗಿ ಮೆಕೆಂಜಿ, 1954ರಲ್ಲಿ ಸಮತೋಲನದ ಅಸ್ತಿತ್ವವನ್ನು ಸ್ಥಿರಬಿಂದು ಪ್ರಮೇಯಗಳಿಂದ ಸಾಧಿಸಿದರು. ಬೇಡಿಕೆ ಹೆಚ್ಚಾದ ಸರಕಿನ ಬೆಲೆಯನ್ನು ಏರಿಸುತ್ತ ಹೋದರೆ ಅಲ್ಲಿಗೆ ತಲುಪುತ್ತೇವೆ ಎಂಬ ವಾಲ್ರಾ ಅವರ ವಿಚಾರಕ್ಕೆ ಅಂಥ ಭರವಸೆಯಿಲ್ಲ. ಸ್ಕಾರ್ಫ್ 1960ರಲ್ಲಿ ಮೂರು ಸರಕು, ಮೂವರು ಅನುಭೋಗಿಗಳ ಉದಾಹರಣೆ ಕೊಟ್ಟು, ಬೆಲೆಗಳು ಸಮತೋಲನದ ಸುತ್ತ ತಿರುಗುತ್ತಲೇ ಇರಬಹುದೆಂದು ತೋರಿಸಿದರು.

ಮೊದಲ ಕ್ಷೇಮ ಪ್ರಮೇಯಕ್ಕೆ ಪೀನತೆ ಬೇಕೇ? ಅದು ನಮ್ಮ ತೋಟಗಳ ಬಗ್ಗೆ ಏನು ಹೇಳುತ್ತದೆ?

ಪೈಪೋಟಿಯ ಸಮತೋಲನ ದಕ್ಷ, ಅಂದರೆ ಯಾರಿಗೂ ಕೆಡುಕಾಗದಂತೆ ಇನ್ನೊಬ್ಬರನ್ನು ಮೇಲಾಗಿಸಲು ಅಲ್ಲಿ ಸಾಧ್ಯವಿಲ್ಲ ಎಂಬುದೇ ಈ ಪ್ರಮೇಯ. ಅದಕ್ಕೆ ಪೀನತೆ, ಅಂದರೆ ಗಣದ ಯಾವ ಎರಡು ಬಿಂದುಗಳನ್ನು ಸೇರಿಸುವ ರೇಖೆಯೂ ಗಣದೊಳಗೇ ಇರುವ ಗುಣ, ಬೇಡ. ಸಾಧನೆ ಇಷ್ಟೇ. ಸಮತೋಲನಕ್ಕಿಂತ ಯಾರಿಗೂ ಕೆಡುಕಿಲ್ಲದ, ಒಬ್ಬರಿಗಾದರೂ ಮೇಲಾದ ಬೇರೊಂದು ಹಂಚಿಕೆ ಇದೆ ಎಂದುಕೊಳ್ಳಿ. ಮೇಲಾದವರ ಹೊಸ ಬುಟ್ಟಿ ಅವರ ಆದಾಯಕ್ಕಿಂತ ದುಬಾರಿಯಾಗಿರಲೇಬೇಕು, ಇಲ್ಲದಿದ್ದರೆ ಅವರು ಅದನ್ನೇ ಕೊಳ್ಳುತ್ತಿದ್ದರು. ಉಳಿದವರ ಬುಟ್ಟಿ ಅವರ ಆದಾಯಕ್ಕಿಂತ ಅಗ್ಗವಾಗಿರಲಾರದು. ಸ್ವಲ್ಪ ಬದಲಿಸಿದರೆ ಇನ್ನೂ ಇಷ್ಟವಾದದ್ದು ಹತ್ತಿರದಲ್ಲೇ ಸಿಗುತ್ತದೆ ಎಂಬ ಸ್ಥಳೀಯ ಅತೃಪ್ತಿಯ ಊಹೆ ಇಲ್ಲಿ ಕೆಲಸ ಮಾಡುತ್ತದೆ. ಕೂಡಿಸಿದರೆ ಹೊಸ ಹಂಚಿಕೆಯ ಒಟ್ಟು ಮೌಲ್ಯ ಇರುವ ಸಂಪತ್ತನ್ನು ಮೀರುತ್ತದೆ, ಆದ್ದರಿಂದ ಅದು ಸಾಧ್ಯವಿಲ್ಲ.

ಸದ್ದಿಲ್ಲದೆ ಕುಳಿತಿರುವ ಊಹೆ ಇನ್ನೊಂದು: ಜನರಿಗೆ ಮುಖ್ಯವಾದ ಪ್ರತಿಯೊಂದಕ್ಕೂ ಬೆಲೆಯಿದೆ. ಕೊಳೆ ರೋಗ ಮಳೆಯ ಹನಿ ಗಾಳಿಗಳ ಮೂಲಕ ಹರಡುತ್ತದೆ. ನಾನು ಸಕಾಲದಲ್ಲಿ ಬೋರ್ಡೋ ದ್ರಾವಣ ಹೊಡೆಸಿದರೆ ಪಕ್ಕದ ತೋಟಕ್ಕೂ ರಕ್ಷಣೆ, ಆದರೆ ಆ ರಕ್ಷಣೆಗೆ ಪಕ್ಕದವರು ನನಗೆ ಏನನ್ನೂ ಕೊಡುವುದಿಲ್ಲ. ಹಾಗಾಗಿ ಎಲ್ಲರೂ ತಮ್ಮ ಲಾಭವನ್ನಷ್ಟೇ ಲೆಕ್ಕ ಹಾಕಿದರೆ ಹೊಡೆಸುವ ಔಷಧಿ ಎಲ್ಲರಿಗೂ ಹಿತವಾದ ಪ್ರಮಾಣಕ್ಕಿಂತ ಕಡಿಮೆಯೇ ಆಗುತ್ತದೆ. ಪ್ರಮೇಯ ಇಲ್ಲಿ ಸುಳ್ಳಾಗಲಿಲ್ಲ, ಅದರ ಊಹೆ ಪೂರೈಸಲಿಲ್ಲ.

ಎರಡನೆಯ ಪ್ರಮೇಯವು ಸಮಾನತೆ ಮತ್ತು ದಕ್ಷತೆ ಎರಡನ್ನೂ ಕೊಡುತ್ತದೆಯೇ?

ಯಾವ ದಕ್ಷ ಹಂಚಿಕೆಯನ್ನಾದರೂ, ಮೊದಲು ಸಂಪತ್ತನ್ನು ಸರಿಯಾಗಿ ಮರುಹಂಚಿ ಆಮೇಲೆ ಮಾರುಕಟ್ಟೆಗೆ ಬಿಟ್ಟು, ಸಮತೋಲನವಾಗಿ ಪಡೆಯಬಹುದು ಎಂದು ಅದು ಹೇಳುತ್ತದೆ. ಇಲ್ಲಿ ಪೀನತೆ ಅಗತ್ಯ, ಏಕೆಂದರೆ ಸಾಧನೆ ನಿಂತಿರುವುದು ಪೀನ ಗಣಗಳನ್ನು ಬೇರ್ಪಡಿಸುವ ಸಮತಲದ ಮೇಲೆ, ಮತ್ತು ಆ ಸಮತಲವೇ ಬೆಲೆ. ಕಷ್ಟ ಇರುವುದು ಮರುಹಂಚಿಕೆಯಲ್ಲಿ. ಅದು ಯಾರ ವರ್ತನೆಯನ್ನೂ ಅವಲಂಬಿಸದ ಇಡಿಗಂಟಿನ ವರ್ಗಾವಣೆಯಾಗಿರಬೇಕು. ಹಾಗೆ ಮಾಡಲು ಪ್ರತಿಯೊಬ್ಬರ ಇಷ್ಟ ಮತ್ತು ಸಾಮರ್ಥ್ಯ ಸರ್ಕಾರಕ್ಕೆ ತಿಳಿದಿರಬೇಕು. ಕೇಳಿದರೆ ನಿಜ ಹೇಳಲು ಜನರಿಗೆ ಕಾರಣವಿರುವುದಿಲ್ಲ. ಆದಾಯ ನೋಡಿ ತೆರಿಗೆ ಹಾಕಿದರೆ ದುಡಿಮೆ ಬದಲಾಗುತ್ತದೆ, ಫಸಲು ನೋಡಿ ಹಾಕಿದರೆ ಬೇಸಾಯ ಬದಲಾಗುತ್ತದೆ, ಮತ್ತು ಆ ಬದಲಾವಣೆಯಿಂದಾಗುವ ನಷ್ಟದ ಲೆಕ್ಕವನ್ನು ಹಾಕಲು ಮೇಲೆ ಹೇಳಿದ ಪರಿಹಾರಿತ ಬೇಡಿಕೆಯೇ ಬೇಕಾಗುತ್ತದೆ.